ಹುಣಸೆಮರದ ಬಾಣಂತಿಯರು

ಸಿಂಧಘಟ್ಟ
14-3-2025

ಚಿ. ಅನುವಿಗೆ ನಿನ್ನ ಅವ್ವನ ಆಶೀರ್ವಾದ. ಹೆಸರಿನ ಮುಂದೆ ಸೌಭಾಗ್ಯವತಿ ಎಂದು ಬರೆಯಲು ಕೈ ಏಳಲಿಲ್ಲ, ಬಿಟ್ಟಿದ್ದೇನೆ.

ಹೇಗಿದ್ದೀಯೆ? ಏಳು ತಿಂಗಳೆಂದು ತಿಳಿಯಿತು. ಕಾಲು ಊದಿದ್ದರೆ ಡಾಕ್ಟರಿಗೆ ತೋರಿಸು. ಕಬ್ಬಿಣದ ಮಾತ್ರೆಯನ್ನು ಹಾಲಿನ ಜೊತೆ ನುಂಗಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ. ಗೌರಿ ಹಸು ಹೆಣ್ಣುಕರು ಹಾಕಿದೆ. ಮೊನ್ನೆ ನೀನು ಅಪ್ಪನ ಫೋನಿಗೆ ಮಾಡಿದಾಗ ಎತ್ತಿದವಳು ನಾನು. "ಅಪ್ಪಾ, ಬಾಣಂತನಕ್ಕೆ ಊರಿಗೇ ಬತ್ತೀನಿ, ಅವ್ವಂಗೆ ನೀನೇ ಏಳು" ಎಂದು ಒಂದೇ ಉಸಿರಿಗೆ ಹೇಳಿದೆ. ಎತ್ತಿದವಳು ನಾನೆಂದು ನಿನಗೆ ತಿಳಿಯುವ ಮೊದಲೇ ಫೋನು ಇಟ್ಟೆ. ಅದಕ್ಕೆ ಉತ್ತರವಾಗಿ ಈ ಕಾಗದ. ನಿಮ್ಮ ಶ್ರೀರಂಗಪಟ್ಟಣಕ್ಕೆ ಹಾಲಿನ ವ್ಯಾನು ಓಡಿಸುವ ಲೋಕೇಶನ ಕೈಯಲ್ಲಿ ಕಳಿಸುತ್ತಿದ್ದೇನೆ.

ಕೆರೆ ಏರಿಯ ಕೆಳಗಿನ ನಮ್ಮ ಹುಣಸೆಮರಕ್ಕೆ ಬಣ್ಣದ ಕೊಕ್ಕರೆಗಳು ಈ ಸಲವೂ ಬಂದಿವೆ. ಈ ಮನೆಗೆ ನಾನು ಸೊಸೆಯಾಗಿ ಬಂದ ವರ್ಷ ನಿನ್ನ ಅಜ್ಜಿ ಮೊದಲು ತೋರಿಸಿದ್ದು ದೇವರ ಕೋಣೆಯನ್ನಲ್ಲ, ಆ ಮರವನ್ನು. "ಇವು ಬಾಣಂತನಕ್ಕೆ ಬಂದಿರೋ ಎಣ್ಮಕ್ಳು ಕಣವ್ವ, ಇವು ಓಗೋಗಂಟ ಕಾಯಿ ಬಡಿಯಂಗಿಲ್ಲ, ಕೊಂಬೆ ಮುಟ್ಟಂಗಿಲ್ಲ" ಎಂದರು. ಅಂದಿನಿಂದ ಹುಣಸೆಹಣ್ಣನ್ನು ಅಂಗಡಿಯಿಂದ ತಂದು ಸಾರು ಮಾಡಿದ್ದೇನೆಯೇ ಹೊರತು ಆ ಮರಕ್ಕೆ ಗಳ ಹಾಕಿಸಿಲ್ಲ. ಬಿದ್ದ ಮರಿಗೆ ಮೀನು ತಿನ್ನಿಸುವುದನ್ನು ನಿಮ್ಮಪ್ಪ ನಿನಗೆ ಕಲಿಸಿದರು. ನೀನು ನಡೆಯಲು ಕಲಿತದ್ದೇ ಆ ಮರದ ಕೆಳಗೆ. ಆದ್ದರಿಂದ ತಿಳಿಯದೆ ಮಾಡಿದೆ ಎಂದು ಹೇಳುವ ಹಕ್ಕು ನಿನಗಿಲ್ಲ.

ಹೋದ ವರ್ಷ ಇದೇ ತಿಂಗಳಲ್ಲಿ ನಿನ್ನ ಚೈತನ್ಯ ಬಂದ. ಅವನ ಕ್ಯಾಮರಾದ ಮೂತಿ ನಮ್ಮ ಒನಕೆಯಷ್ಟು ಉದ್ದವಿತ್ತು. ಹಕ್ಕಿಯ ಚಿತ್ರ ತೆಗೆಯುವವನೆಂದು ತಾರಸಿಯಲ್ಲಿ ಜಾಗ ಕೊಟ್ಟೆ, ಎರಡು ಹೊತ್ತು ರಾಗಿಮುದ್ದೆ ಬಡಿಸಿದೆ. ಎಲೆ ತುಂಬಿದ ಒಂದು ಕೊಂಬೆ ಗೂಡಿಗೆ ಅಡ್ಡವಾಗಿದೆ, ಸವರಿಸಲೇ ಎಂದು ಕೇಳಿದ. ಮುಟ್ಟಬೇಡ ಎಂದೆ. ಅವನೇನೋ ಸುಮ್ಮನಾದ. ಕೊಟ್ಟಿಗೆಯಿಂದ ಹಗ್ಗ ತಂದು, ಮರ ಹತ್ತಿ, ಆ ಕೊಂಬೆಯನ್ನು ಪಕ್ಕಕ್ಕೆ ಎಳೆದು ಕಟ್ಟಿದವಳು ನೀನು. ಆಗ ನನಗೆ ತಿಳಿಯಲಿಲ್ಲ, ಹಗ್ಗ ಕೈಗೆ ಬಂದ ಮೇಲೆ ತಿಳಿಯಿತು. ಕಡಿದರೆ ತಾನೇ ತಪ್ಪು, ಕಟ್ಟಿದರೆ ಏನು ಎಂದುಕೊಂಡಿರಬೇಕು. ಗೂಡಿಗೆ ಬಿಸಿಲು ನೇರವಾಗಿ ಬಿತ್ತು. ತಾಯಿಹಕ್ಕಿ ಎರಡೂ ರೆಕ್ಕೆ ಬಿಚ್ಚಿ ಮರಿಗಳಿಗೆ ಕೊಡೆ ಹಿಡಿದ ಹಾಗೆ ನಿಂತಿತು. ಅವನಿಗೆ ಬೇಕಾದ ಚಿತ್ರ ಅದೇ. ಚಿತ್ರ ಸಿಕ್ಕ ಖುಷಿಯಲ್ಲಿ ಹಗ್ಗ ಬಿಚ್ಚುವುದನ್ನೇ ಮರೆತು ಇಬ್ಬರೂ ಬೈಕು ಹತ್ತಿ ಮೇಲುಕೋಟೆಗೆ ಹೋದಿರಿ.

ಹಕ್ಕಿ ಎಷ್ಟು ಹೊತ್ತು ನಿಂತೀತು? ಮೀನಿಗೆ ಹೋಗಲೇಬೇಕು. ಮಾರನೆಯ ದಿನ ನೋಡಿದರೆ ಮರಿಗಳು ಗೂಡಿನ ಅಂಚಿಗೆ ಕತ್ತು ಚಾಚಿ ಒಣಗಿಹೋಗಿದ್ದವು. ನಮ್ಮ ಆಳು ಶಿವಣ್ಣ ಮರ ಹತ್ತಿ ಹಗ್ಗ ಬಿಚ್ಚಿ ತಂದ. "ಅವ್ವಾರೆ, ಇದು ನಮ್ ಗೌರಿ ಅಗ್ಗ ಅಲ್ವಾ?" ಎಂದ. ಬಾಯಿ ಮುಚ್ಚಿಕೊಂಡಿರು ಎಂದೆ. ಊರಿಗೂ ನಿಮ್ಮಪ್ಪನಿಗೂ ಹದ್ದು ಕೊಂದಿತು ಎಂದು ಹೇಳಿದೆ. ಅವರು ಆ ದಿನ ಊಟ ಮಾಡಲಿಲ್ಲ. ನೀನೂ ಅವರ ಪಕ್ಕದಲ್ಲಿ ಕೂತು ಅತ್ತೆ. ಎಷ್ಟು ಚೆನ್ನಾಗಿ ಅತ್ತೆ! ಮುಂದಿನ ತಿಂಗಳು ಅವನ ಹಿಂದೆ ಹೊರಟುಹೋದೆ.

ನೀನು ಯಾರನ್ನು ಕಟ್ಟಿಕೊಂಡೆ ಎಂಬುದು ನನಗೆ ದೊಡ್ಡದಲ್ಲ. ಆಮೇಲೆ ಕೆ.ಆರ್. ಪೇಟೆಯ ಕಲ್ಯಾಣಮಂಟಪದಲ್ಲಿ ಅವನ ಚಿತ್ರಗಳನ್ನು ತೂಗುಹಾಕಿದ್ದರು, ಬಹುಮಾನವೂ ಬಂದಿದೆಯಂತೆ. ನಮ್ಮ ಮರದ ಚಿತ್ರವೆಂದು ಊರ ಹೆಂಗಸರು ನನ್ನನ್ನು ಎಳೆದುಕೊಂಡು ಹೋದರು. ಕೆಳಗೆ 'ತಾಯಿಯ ನೆರಳು' ಎಂದು ಬರೆದಿತ್ತು. ಜನ ಕೈಮುಗಿಯುವುದೊಂದು ಬಾಕಿ. ನಾನು ನೋಡಿದ್ದು ಹಕ್ಕಿಯನ್ನಲ್ಲ, ಚಿತ್ರದ ಮೂಲೆಯಲ್ಲಿ ಇಣುಕುತ್ತಿದ್ದ ಹಗ್ಗದ ತುದಿಯನ್ನು. ಗೌರಿ ಅಗಿದು ನಾರು ಬಿಡಿಸಿದ್ದ ತುದಿ ಅದು.

ಎದುರುಮನೆ ಚಿಕ್ಕಬೋರಮ್ಮ ನೆನ್ನೆ ಜಗುಲಿಗೆ ಬಂದು ಚುಚ್ಚಿದಳು. "ಅಕ್ಕಿಗೆಲ್ಲ ಬಾಣಂತನ ಮಾಡ್ತೀಯ, ಒಟ್ಟೇಲಿ ಉಟ್ಟಿದ್ ಮಗಳಿಗೆ ಒಂದು ಮಂಚ ಇಲ್ವಾ ನಿನ್ ಮನೇಲಿ?" ಎಂದಳು. "ಅವು ಯಾರ ಮರೀನೂ ಕೊಂದು ಬಾಣಂತನ ಕೇಳಾಕಿಲ್ಲ ಕಣಮ್ಮಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ನಿನ್ನ ಮಾನ ಕಾಯಲು ಅಲ್ಲ, ಈ ಮನೆಯದು. ನೀನು ಈ ಮನೆಯಲ್ಲಿ ಹೆರುವುದು ಬೇಡ. ಅಲ್ಲಿ ಆಸ್ಪತ್ರೆ ಹತ್ತಿರವಿದೆ, ನಿನ್ನ ಅತ್ತೆ ಇದ್ದಾರೆ. ಬಾಣಂತಿಗೆ ಬೇಕಾದ ಮೆಣಸು, ತುಪ್ಪ, ಹಳೆಯ ಮೆತ್ತನೆ ಸೀರೆಗಳನ್ನು ಲೋಕೇಶನ ವ್ಯಾನಿನಲ್ಲಿ ಇಟ್ಟಿದ್ದೇನೆ. ಕೊಡುವುದನ್ನು ಕೊಡದೆ ಬಿಟ್ಟಳು ಎಂಬ ಮಾತು ನನಗೆ ಬೇಡ.

ಸುಖವಾಗಿ ಹೆರಿಗೆಯಾಗಲಿ. ಮಗು ನಿನ್ನ ಬುದ್ಧಿ ಕಲಿಯದಿರಲಿ. ನಿನ್ನ ಅತ್ತೆಯವರಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನನ್ನು ಹೆತ್ತ
ಪುಟ್ಟತಾಯಮ್ಮ

ಮರೆತಿದ್ದೆ, ಲೋಕೇಶ ಹಾರನ್ನು ಒತ್ತುತ್ತಿದ್ದಾನೆ. ನೀನೇ ಫೋನಿನಲ್ಲಿ ಬರಲೊಲ್ಲೆ ಎಂದೆ, ತವರು ಬೇಡವೆಂದೆ ಎಂದು ನಿಮ್ಮಪ್ಪನಿಗೆ ಹೇಳಿದ್ದೇನೆ. ನಿನಗಾಗಿ ಕೋಣೆಗೆ ಸುಣ್ಣ ಬಳಿಸಿ, ಅಟ್ಟದ ತೊಟ್ಟಿಲು ಇಳಿಸಿ ತೊಳೆದಿಟ್ಟಿದ್ದರು. ನನ್ನ ಮಾತು ನಂಬಿಲ್ಲ. ಭಾನುವಾರ ಪಾಂಡವಪುರಕ್ಕೆ ಪಂಪ್‌ಸೆಟ್ ರಿಪೇರಿಗೆ ಎಂದು ನನಗೆ ಸುಳ್ಳು ಹೇಳಿ ನಿನ್ನಲ್ಲಿಗೆ ಬರುತ್ತಿದ್ದಾರೆ, ಮುಖ ನೋಡಿಯೇ ತಿಳಿಯಿತು. ಒಳಗೆ ಕರೆದು ಕಾಫಿ ಕೊಡು. ಬರುವುದಿಲ್ಲ ಎಂದು ನಿನ್ನ ಬಾಯಿಂದಲೇ ಹೇಳಿ ಕಳಿಸು. ಅಳಬೇಡ, ಅತ್ತರೆ ಅವರಿಗೆ ಗೊತ್ತಾಗುತ್ತದೆ. ಅವರ ಜೊತೆ ನೀನು ಹೊರಟು ಬಂದರೆ, ಮರಿಗಳನ್ನು ಕೊಂದದ್ದು ಹದ್ದಲ್ಲ ಎಂದು ಅದೇ ಜಗುಲಿಯಲ್ಲಿ ನಿಂತು ಹೇಳುತ್ತೇನೆ. ಹಗ್ಗವನ್ನು ನಾನು ಇನ್ನೂ ಬಿಸಾಡಿಲ್ಲ.