ಕಿಟಕಿ ಪಕ್ಕದ ಮೇಜು

ಗ್ರಂಥಾಲಯದ ಸರ್ವರ್ ಕೋಣೆ,
ಸೋಮವಾರ

ಪ್ರೀತಿಯ ಅಕ್ಕ,

ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯ, ಅದಕ್ಕೇ ಈ ಕಾಗದ. ಹರಿದು ಹಾಕುವ ಮುಂಚೆ ಒಮ್ಮೆ ಓದು. ಅಮ್ಮ ಹೋದಳು, ಈಗ ನೀನೂ ಕೈತಪ್ಪಿ ಹೋಗುತ್ತೀಯೇನೋ ಎಂಬ ಭಯ ನನಗೆ.

ಇಲ್ಲೊಂದು ವಿಚಿತ್ರ ನಡೆಯುತ್ತಿದೆ. ನಮ್ಮ ವೆಬ್‌ಸೈಟಿನಲ್ಲಿ ಪುಸ್ತಕ ಕಾದಿರಿಸಲು ಕೂತ ಕೆಲವರಿಗೆ, ತಾವು ಆರಿಸದ ಪುಸ್ತಕಗಳು ಬುಟ್ಟಿಯಲ್ಲಿ ಕಾಣುತ್ತಿವೆ. ಹೆಣಿಗೆಯದೊಂದು, ಹಕ್ಕಿಗಳದೊಂದು, ಅಮ್ಮ ಅರ್ಧಕ್ಕೆ ಬಿಟ್ಟಿದ್ದ ಆ ಪತ್ತೇದಾರಿ ಕಾದಂಬರಿ. ಕೆಳಗೆ ಸೂಚನೆ: "ಕಿಟಕಿ ಪಕ್ಕದ ಮೇಜಿನ ಮೇಲಿಡಿ. ನಾನೇ ಬರ್ತೀನಿ." ಕಾದಿರಿಸಿದ ಗ್ರಂಥಾಲಯದ ಕಾರ್ಡು ಅಮ್ಮನದು.

ಆ ಬುಟ್ಟಿ ಕಂಡಿದ್ದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಹತ್ತಿರ ಬಂದು, ಯಾರು ಬರ್ತಾರೋ ನೋಡೋಣ ಅಂತ ಆ ಮೇಜಿನ ಹತ್ರಾನೇ ಕೂತಿದ್ದೆ ಕಣಯ್ಯ, ಯಾರೂ ಬರಲೇ ಇಲ್ಲ ಎಂದರು. ಆ ಕಡೆ ತಿರುಗಿ ನೋಡುವುದಕ್ಕೂ ನನಗೆ ಹೆದರಿಕೆಯಾಯಿತು.

ಹುಡುಕಿದೆ, ಕಾರಣ ಸಿಕ್ಕಿತು. ಬಂದವರು ಆರಿಸಿದ್ದನ್ನು ಡೇಟಾಬೇಸಿನ ತಾತ್ಕಾಲಿಕ ಟೇಬಲ್ಲಿನಲ್ಲಿ, ಅಂದರೆ ಆ ಹೊತ್ತಿನ ಮಟ್ಟಿಗಿನ ಪಟ್ಟಿಯಲ್ಲಿ, ಇಡುತ್ತೇವೆ. ಸಂಪರ್ಕ ಕಡಿದೊಡನೆ ಅದು ತಾನಾಗಿ ಅಳಿಯುತ್ತದೆ, ಗುಡಿಸುವ ಕೆಲಸವೇ ಇಲ್ಲವೆಂದು ಹಿಗ್ಗಿದ್ದೆ. ಆದರೆ ನಮ್ಮ ಸರ್ವರ್ ಸಂಪರ್ಕ ಕಡಿಯುವುದೇ ಇಲ್ಲ. ಒಬ್ಬರು ಎದ್ದ ಮೇಲೆ ಅದನ್ನೇ ಇನ್ನೊಬ್ಬರಿಗೆ ಕೊಡುತ್ತದೆ, ಹೋಟೆಲಿನಲ್ಲಿ ಮೇಜು ಒರೆಸದೆ ಮುಂದಿನವರನ್ನು ಕೂರಿಸಿದ ಹಾಗೆ. ಅಮ್ಮ ಬಿಟ್ಟುಹೋದ ಬುಟ್ಟಿ ಹೀಗೆ ಕೈಯಿಂದ ಕೈಗೆ ಹೋಗುತ್ತಿದೆ ಎಂದುಕೊಂಡೆ, ಸಮಾಧಾನವಾಯಿತು.

ಆಮೇಲೆ ಇನ್ನೊಂದು ನೆನಪಾಯಿತು. ಕಳೆದ ತಿಂಗಳು ಕರೆಂಟ್ ಹೋಗಿ ಸರ್ವರ್ ಪೂರ್ತಿ ಆರಿತ್ತಲ್ಲ. ಅದಕ್ಕೂ ಮುಂಚಿನ ತಾತ್ಕಾಲಿಕ ಟೇಬಲ್ ಒಂದೂ ಉಳಿದಿರಲು ಸಾಧ್ಯವಿಲ್ಲ. ಅಷ್ಟರಲ್ಲಿ ಅಮ್ಮ ಹೋಗಿ ವರ್ಷವಾಗಿತ್ತು. ಅಂದರೆ ಈ ಬುಟ್ಟಿ ತುಂಬಿದ್ದು ಈಚೆಗೆ.

ಮನೆಯಿಂದ ನೀನು ತೆಗೆದುಕೊಂಡು ಹೋದದ್ದು ಅಮ್ಮನ ಕನ್ನಡಕ ಮತ್ತು ಈ ಕಾರ್ಡು. ಒಂದು ಹನಿ ಕಣ್ಣೀರು ಹಾಕಲಿಲ್ಲ, ಕಲ್ಲುಮನಸ್ಸು ಎಂದು ಚಿಕ್ಕಮ್ಮ ಅಮ್ಮನ ಕಾರ್ಯದ ದಿನ ಎಲ್ಲರೆದುರು ಅಂದದ್ದಕ್ಕೆ ತಾನೇ ನೀನು ಆವತ್ತೇ ಹೊರಟದ್ದು? ಅವಳ ಬಾಯಿಗೆ ಬೀಗ ಹಾಕಲು ನನ್ನಿಂದಾಗದು. ಬುಟ್ಟಿಯ ವಿಷಯ ಮಾತ್ರ ಯಾರಿಗೂ ಹೇಳುವುದಿಲ್ಲ.

ಪುಸ್ತಕಗಳನ್ನು ಆ ಮೇಜಿನ ಮೇಲೆ ಇಟ್ಟಿದ್ದೇನೆ. ಬಾ ಅಕ್ಕ. ನೀನಿಲ್ಲದೆ ನನಗೆ ಆಗುತ್ತಿಲ್ಲ.

ನಿನ್ನ ತಲೆಹರಟೆ ತಮ್ಮ

ತಾ.ಕ.: ಸರ್ವರ್ ಸರಿಮಾಡಿದೆ. ಇನ್ನು ಆ ಬುಟ್ಟಿ ಬೇರೆಯವರಿಗೆ ಕಾಣುವುದಿಲ್ಲ, ಅಳಿಯುವುದೂ ಇಲ್ಲ. ತೀರಿಹೋದವರ ಕಾರ್ಡು ರದ್ದು ಮಾಡುವುದು ನನ್ನದೇ ಕೆಲಸ. ಅಮ್ಮನದನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿದ್ದೇನೆ. ಒಂದು ವೇಳೆ ಬುಟ್ಟಿ ತುಂಬಿದ್ದು ನೀನಲ್ಲದಿದ್ದರೆ, ಅದೊಂದನ್ನು ಮಾತ್ರ ನನಗೆ ಹೇಳಬೇಡ.