ಹುಲಿ ಕಂಡರೆ ಮಾತ್ರ ಮಾತನಾಡಿ

ಮಾನ್ಯ ಅರಣ್ಯಾಧಿಕಾರಿಗಳೇ,

ವೈರ್‌ಲೆಸ್‌ನಲ್ಲಿ ಹುಲಿಯ ವಿಷಯ ಬಿಟ್ಟು ಬೇರೇನೂ ಮಾತನಾಡಕೂಡದೆಂಬ ತಮ್ಮ ಆದೇಶ ಕಾಡಿನ ನಡುವಿನ ನನ್ನ ಕಾವಲು ಕ್ಯಾಂಪಿಗೂ ತಲುಪಿದೆ. ವೈರ್‌ಲೆಸ್‌ನಲ್ಲಿ ಹೇಳುವಂತಿಲ್ಲವಾದ್ದರಿಂದ ಊರಿಗೆಲ್ಲ ಕೇಳುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಇದು ಹುಲಿ ಸಂರಕ್ಷಿತ ಅರಣ್ಯ, ಹರಟೆಕಟ್ಟೆಯಲ್ಲ ಎಂದಿದ್ದೀರಿ. ಒಪ್ಪಿದೆ. ಆದರೆ ಹುಲಿ ಮಹಾಶಯರು ದರ್ಶನ ಕೊಡುವುದೇ ಅಪರೂಪ. ಜತೆಗಿದ್ದ ಇನ್ನೊಬ್ಬ ಕಾವಲುಗಾರನನ್ನು ಪ್ರವಾಸಿಗರ ಜೀಪು ತೊಳೆಯಲು ಕರೆಸಿಕೊಂಡವರೂ ತಾವೇ. ಮಿಕ್ಕ ದಿನಗಳಲ್ಲಿ ನಾನು ಯಾರೊಡನೆ ಮಾತನಾಡಲಿ? ಗೋಡೆಯೊಡನೆಯೇ?

ಮೊದಲೆಲ್ಲ ಸಂಜೆಯಾದರೆ ಕಚೇರಿಯಿಂದ ವೈರ್‌ಲೆಸ್ ಅಕ್ಕ ಕರೆಯುತ್ತಿದ್ದರು. ಅವರ ಮುಖ ನಾನು ಕಂಡಿಲ್ಲ. ಕ್ಯಾಂಪಿನ ಹಿಂದಿನ ಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿಯೊಂದು ಸಣ್ಣ ಸಂದಿಯಷ್ಟೇ ಬಿಟ್ಟು ಬಾಗಿಲಿಗೆಲ್ಲ ಮಣ್ಣು ಮೆತ್ತಿಕೊಂಡು ಮೊಟ್ಟೆಗೆ ಕೂತಾಗಿನಿಂದ ಅದರ ಗಂಡಿನ ಬಗ್ಗೆ ಅಕ್ಕನದು ಒಂದೇ ವಿಚಾರಣೆ.

"ಏನಪ್ಪಾ, ಯಜಮಾನ್ರು ಹಣ್ಣು ತಂದ್ರಾ?"

"ತಂದ್ರು ಅಕ್ಕಾ. ಅತ್ತಿ ಹಣ್ಣು. ಸಂದಿಯಿಂದ್ಲೇ ತುತ್ತು ಕೊಟ್ಟು ಹೋದ್ರು."

"ನಮ್ಮನೆಯವ್ರಿಗೂ ಸ್ವಲ್ಪ ಬುದ್ಧಿ ಹೇಳೋಕೆ ಹೇಳು ಅದಕ್ಕೆ!"

ಇದರಿಂದ ಸರಕಾರಕ್ಕೆ ಎಷ್ಟು ನಷ್ಟವಾಯಿತೋ ತಿಳಿಯದು. ನಾನಂತೂ ಅಕ್ಕನ ನಗು ಕೇಳಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದೆ. ಮರಿ ಹೊರಬಂದು ಮೊದಲ ಸಲ ರೆಕ್ಕೆ ಬಡಿಯುವ ಹೊತ್ತಿಗೆ ತಮ್ಮ ಆದೇಶ ಬಂದಿತ್ತು. ಅಕ್ಕನಿಗೆ ಹೇಳಲು ಓಡಿಬಂದು ವೈರ್‌ಲೆಸ್ ಸೆಟ್ ಕೈಗೆತ್ತಿಕೊಂಡವನು ಹಾಗೇ ಇಟ್ಟೆ. ಅಷ್ಟು ದೊಡ್ಡ ಕಾಡಿನಲ್ಲಿ ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ.

ಮೊನ್ನೆ ಜ್ವರದಲ್ಲಿ ಮಲಗಿದ್ದೆ. ಸಂಜೆ, ಆನೆ ಬಾರದಂತೆ ಕ್ಯಾಂಪಿನ ಸುತ್ತ ತೋಡಿದ ಕಂದಕದ ಆಚೆ ಹುಲಿಯೊಂದು ಬಂದು ಕೂತಿತು. ಭಯಕ್ಕಿಂತ ಮೊದಲು ನನಗೆ ಖುಷಿಯಾಯಿತು. ಇನ್ನು ಮಾತನಾಡಬಹುದಲ್ಲ!

"ಅಕ್ಕಾ, ಹುಲಿ ಬಂದಿದೆ."

"ಗಂಡೋ ಹೆಣ್ಣೋ? ಕುಂಟ್ತಾ ಇದೆಯಾ? ಹೊಟ್ಟೆ ತುಂಬಿದ ಹಾಗಿದೆಯಾ?" ತಾವು ಬರೆದುಕೊಟ್ಟ ಪ್ರಶ್ನೆಗಳನ್ನು ಅಕ್ಕ ಒಂದೇ ಸಮನೆ ಓದುತ್ತಿದ್ದರು.

"ಅದು ಚೆನ್ನಾಗೇ ಇದೆ ಅಕ್ಕಾ. ನನಗೇ ಜ್ವರ."

"ಸಾಹೇಬ್ರು ಪಕ್ಕದಲ್ಲೇ ಇದಾರೆ ಕಣಪ್ಪಾ" ಎಂದು ಅಕ್ಕ ಪಿಸುಗುಟ್ಟಿದರು.

ಆ ಸಾಹೇಬರು ತಾವೇ ತಾನೆ? ತಮಗೂ ಕೇಳಿಸಿತಲ್ಲವೇ?

ಆ ಆದೇಶವನ್ನು ಹಿಂತೆಗೆದುಕೊಳ್ಳಿ. ಅದು ಆಗದ ಮಾತಾದರೆ, ಹುಲಿಯ ಬಗ್ಗೆ ಕೇಳುವ ಪ್ರಶ್ನೆಗಳನ್ನೇ ನನ್ನ ಬಗ್ಗೆಯೂ ಕೇಳಲು ಅಕ್ಕನಿಗೆ ಅಪ್ಪಣೆ ಕೊಡಿ. ಹೊಟ್ಟೆ ತುಂಬಿದೆಯಾ ಎಂದಷ್ಟೇ ಕೇಳಲಿ, ಸಾಕು.

ಇಂತಿ,
ಮೈಮೇಲೆ ಪಟ್ಟೆಯಿಲ್ಲದ ತಪ್ಪಿಗೆ ಕ್ಷಮೆ ಕೋರುವ
ತಮ್ಮದೇ ಕಾಡಿನ ಕಾವಲುಗಾರ