ಅತ್ತೆಯ ಹೊಲಿಗೆ ಮಷೀನು

ಸಂಯುಕ್ತಾ,

ನಾನು ತಾಳಗುಪ್ಪಕ್ಕೆ, ತಂಗಿಯ ಮನೆಗೆ ಹೊರಟೆ. ನಾಡಿದ್ದು ಬರುತ್ತೇನೆ. ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ನಿನ್ನ ಹೊಸ ರಿಪೇರಿ ಅಂಗಡಿಯ ಬೀಗದ ಕೈ ದೇವರ ಮುಂದಿದೆ.

ನಿನ್ನೆಯೂ ನೀನು, "ಅತ್ತೆ, ಶೋರೂಮ್ ಕೆಲ್ಸಕ್ಕೇ ಸೇರ್ಲಾ? ಅಂಗಡಿ ನನ್ ಕೈಲಾಗುತ್ತಾ?" ಅಂತ ಕೇಳಿದೆ. ಅದನ್ನೇ ಎಷ್ಟು ಸಲ ಕೇಳ್ತೀಯ ಮಾರಾಯ್ತಿ. ಶಿಶುವಿಹಾರ ಮುಚ್ಚಿದಾಗ, ಅಲ್ಲಿ ಟೀಚರಮ್ಮ ಆಗಿದ್ದ ನೀನು ಹೊಲಿಗೆ ಕಲಿತೆ. ಎಲ್ಲರೂ ರೆಡಿಮೇಡ್ ಹಾಕತೊಡಗಿದಾಗ, ಪಕ್ಕದ ಮನೆ ಯಶೋಧಾಳ ಕೆಟ್ಟ ಮಷೀನು ಬಿಚ್ಚಿ ರಿಪೇರಿ ಕಲಿತೆ. ಈಗ ಹೊಸನಗರದಿಂದಲೂ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ. ನಾನಾಗಿದ್ದರೆ ಶಿಶುವಿಹಾರದ ಬಾಗಿಲಲ್ಲೇ ಅಳುತ್ತಾ ಕೂತಿರುತ್ತಿದ್ದೆ.

ಜೈನರ ಮನೆ, ಹೊತ್ತು ಮುಳುಗುವ ಮೊದಲು ಉಣ್ಣಬೇಕಲ್ಲ ಅಂತ ಅಂಗಡಿ ಮುಚ್ಚಿ ಓಡಿ ಬರಬೇಡ. ಬುತ್ತಿ ಕಟ್ಟಿಟ್ಟಿದ್ದೇನೆ, ಅಲ್ಲೇ ಉಣ್ಣು. ಮಷೀನು ತರುವ ಹೆಂಗಸರು ಕೆಲಸ ಮುಗಿಸಿ ಬರುವುದೇ ಸಂಜೆ.

ಇನ್ನೊಂದು. ಇಷ್ಟು ವರ್ಷ ನಿನಗೂ ಮುಟ್ಟಲು ಕೊಡದ ನನ್ನ ತವರಿನ ಮಷೀನನ್ನು ಆಟೋದವನು ಹತ್ತು ಗಂಟೆಗೆ ಅಂಗಡಿಗೆ ತರುತ್ತಾನೆ. ಅಷ್ಟರೊಳಗೆ ಬಾಗಿಲು ತೆಗೆದಿರು. ದಾರ ತುಂಡಾಗುತ್ತಿದೆ. ನಿಧಾನಕ್ಕೆ ನೋಡು. ಅತ್ತೆಯದು ಅಂತ ಬೇರೆಯವರದಕ್ಕಿಂತ ಮುಂಚೆ ಮಾಡಬೇಡ, ಸರದಿ ಬಂದಾಗ ಮಾಡಿದರೆ ಸಾಕು.

ಜಿನಮ್ಮ